ಎರ್ರಿಯಪ್ಪ ಕೊಟ್ಟ ಜಾಮೀನು

ನಮ್ಮ ಶ್ರಮಿಕ ಪತ್ತಿನ ಸಹಕಾರ ಸಂಘದ ಅಧ್ಯಕ್ಷರಾದ ನಾಗಭೂಷಣ ಅವರೇ, ಮುಖ್ಯ ಅತಿಥಿಗಳಾಗಿ ಬಂದು ಒಂದೂವರೆ ತಾಸಿನಿಂದ ಈ ತಿರುಗದ ಫ್ಯಾನಿನ ಕೆಳಗೆ ತಾಳ್ಮೆಯಿಂದ ಕುಳಿತಿರುವ ಬ್ಯಾಂಕ್ ವ್ಯವಸ್ಥಾಪಕರೇ, ನಿರ್ದೇಶಕ ಮಂಡಳಿಯ ಹಿರಿಯರೇ, ಕುರೆಕುಪ್ಪ, ಮಲಪನಗುಡಿ, ಮರಿಯಮ್ಮನಹಳ್ಳಿಗಳಿಂದ ಬಸ್ಸು ಹಿಡಿದು ಬಂದಿರುವ ಸದಸ್ಯ ಬಂಧುಗಳೇ, ತಾಯಂದಿರೇ, ಹಾಗೂ ಹಿಂದುಗಡೆ ಮಿರ್ಚಿ ಕರಿಯುವ ವಾಸನೆ ಬಂದ ಮೇಲೂ ಎದ್ದು ಹೋಗದ ನನ್ನ ಪ್ರೀತಿಯ ಸಭಿಕರೇ, ತಮಗೆಲ್ಲ ಭಾರ್ಗವನ ವಂದನೆಗಳು.

ಈ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ನಿರೂಪಣೆ ಮಾಡಿದವರು ನನ್ನನ್ನು "ಸಾವಿರಾರು ಕುಟುಂಬಗಳನ್ನು ಬಡ್ಡಿಯ ಬಾಯಿಂದ ಬಿಡಿಸಿದ ಮಹನೀಯರು" ಅಂತ ಕರೆದರು. ಸಾವಿರಾರು ಅಲ್ಲ, ಅರವತ್ನಾಲ್ಕು. ಮತ್ತು ಬಿಡಿಸಿದವನು ನಾನಲ್ಲ. ಸಿಕ್ಕಿಸಿದವನು ಮಾತ್ರ ನಾನೇ. ಇದನ್ನು ನಿರೂಪಕರ ಚೀಟಿಯಲ್ಲಿ ಯಾರೂ ಬರೆದುಕೊಟ್ಟಿರಲಿಲ್ಲ, ಅದಕ್ಕೆ ನಾನೇ ಹೇಳಬೇಕಾಗಿದೆ.

ನಗಬೇಡಿ. ಈ ಸಭೆಯಲ್ಲಿ ಕಡಿಮೆ ಅಂದರೂ ನಲವತ್ತು ಜನಕ್ಕೆ ಕ್ರೆಡಿಟ್ ಕಾರ್ಡು ಮಾರಿದವನು ನಾನು. ಎರಡು ಸಾವಿರದ ಹದಿನೇಳರಿಂದ ಇಪ್ಪತ್ತರವರೆಗೆ ಫ್ಯಾಕ್ಟರಿ ಗೇಟಿನ ಹತ್ತಿರ ಚಹಾದಂಗಡಿ ಮಗ್ಗುಲಿಗೆ ಒಂದು ಛತ್ರಿ, ಒಂದು ಮೇಜು, ಕುತ್ತಿಗೆಗೆ ಟೈ. ಆ ಬಿಸಿಲಿನಲ್ಲಿ ಟೈ ಕಟ್ಟಿಕೊಂಡು ನಿಂತವನನ್ನು ನೋಡಿಯೇ ಜನ ಕನಿಕರದಿಂದ ಅರ್ಜಿ ತುಂಬಿರಬೇಕು. ಶಿಫ್ಟು ಬಿಟ್ಟು ಹೊರಗೆ ಬರುತ್ತಿದ್ದವರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಐವತ್ತು ದಿನ ಬಡ್ಡಿ ಇಲ್ಲದ ದುಡ್ಡು ಸರ್, ನಿಮ್ಮ ಅಪ್ಪನೂ ಕೊಡೋದಿಲ್ಲ." ಒಂದು ಕಾರ್ಡಿಗೆ ನನಗೆ ಒಂಬೈನೂರು ರೂಪಾಯಿ ಕಮಿಷನ್. ಮೂರು ವರ್ಷಕ್ಕೆ ಮುನ್ನೂರ ಹನ್ನೆರಡು ಕಾರ್ಡು. ಎಲ್ಲರ ಹೆಸರೂ ಊರೂ ಒಂದು ಡೈರಿಯಲ್ಲಿ ಬರೆದಿಟ್ಟಿದ್ದೆ. ಅದು ಹೆಮ್ಮೆಗಾಗಿ ಬರೆದ ಡೈರಿ.

ಅದರಲ್ಲಿ ಒಬ್ಬ ಎರ್ರಿಯಪ್ಪ. ಎದ್ದು ನಿಲ್ಲಪ್ಪಾ, ಜನ ನೋಡಲಿ. ಎದ್ದು ನಿಲ್ಲಂಗಿಲ್ಲ, ನಾಚಿಕೆ ಸ್ವಭಾವ. ಕುರೆಕುಪ್ಪದವರು, ಗುತ್ತಿಗೆದಾರರ ಕೈಕೆಳಗೆ ಕ್ರೇನ್ ಆಪರೇಟರ್. ಅವರ ಮನೆಯವರು ಜಂಬವ್ವ, ಜೋಳದ ರೊಟ್ಟಿ ಬಡಿದು ಕ್ಯಾಂಟೀನುಗಳಿಗೆ ಕೊಡುತ್ತಾರೆ. ಕಾರ್ಡು ತೊಗೊಂಡ ದಿನ ಎರ್ರಿಯಪ್ಪ ಕೇಳಿದ್ದರು, "ಕಟ್ಟೋದು ತಡ ಆದ್ರ ಏನಾಗ್ತದ್ರೀ?" ನಾನು ನಕ್ಕು, "ಮಿನಿಮಮ್ ಡ್ಯೂ ಅಂತ ಸ್ವಲ್ಪ ಕಟ್ಟಿದರೆ ಸಾಕು ಸರ್, ಆರಾಮ" ಅಂದೆ. ಅವರು ಕಾರ್ಡಿನ ಮೇಲೆ ಫ್ರಿಜ್ ತಂದರು, ಕೆಲವು ಸಣ್ಣಪುಟ್ಟ ಸಾಮಾನು ತಂದರು, ಒಂದು ವರ್ಷ ತಿಂಗಳು ತಿಂಗಳು ಪೂರ್ತಿ ಕಟ್ಟಿದರು. ಒಂದು ರೂಪಾಯಿ ಬಡ್ಡಿ ಬೀಳಲಿಲ್ಲ. ಅಲ್ಲಿಯವರೆಗೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ.

ಎರಡು ಸಾವಿರದ ಇಪ್ಪತ್ತರ ಆರಂಭದಲ್ಲಿ ಅವರ ಮಗಳು ಕಾವ್ಯಳಿಗೆ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಬೇಕಿತ್ತು. ಎಟಿಎಂನಲ್ಲಿ ಆ ಕಾರ್ಡು ಹಾಕಿ ನಗದು ತೆಗೆದರು. ತಿಂಗಳೊಪ್ಪತ್ತಿನಲ್ಲಿ ಲಾಕ್‌ಡೌನ್ ಬಂತು. ಕ್ರೇನು ನಿಂತಿತು, ಕ್ಯಾಂಟೀನು ಮುಚ್ಚಿತು, ರೊಟ್ಟಿ ಕೇಳುವವರಿಲ್ಲ. ಕಾರ್ಡಿನ ಮೇಲೆ ನಲವತ್ನಾಲ್ಕು ಸಾವಿರ ಬಾಕಿ ಉಳಿಯಿತು. ಕಂತು ಮುಂದೂಡಬಹುದು ಅಂತ ಮೊಬೈಲಿಗೆ ಮೆಸೇಜು ಬಂತು. ಮುಂದೂಡಿದರೆ ಬಡ್ಡಿ ಇಲ್ಲ ಅಂತ ಎರ್ರಿಯಪ್ಪ ತಿಳಿದರು. ಅವರೊಬ್ಬರೇ ಏನು, ನಾನೂ ಹಾಗೇ ತಿಳಿದಿದ್ದೆ!

ಯಾಕೆಂದರೆ ಸಭಿಕರೇ, ಏಪ್ರಿಲ್‌ನಲ್ಲಿ ನನ್ನ ಕೆಲಸವೂ ಹೋಗಿತ್ತು. ಎರಡು ಸಾಲಿನ ಮೆಸೇಜು, ಕೆಳಗೆ ಒಂದು ಕೈಮುಗಿದ ಚಿತ್ರ. ನನ್ನ ಹತ್ತಿರ ಸ್ವಂತದ್ದು ಮೂರು ಕಾರ್ಡಿದ್ದವು. ಮಾರುವವನ ಹತ್ತಿರವೇ ಇರದಿದ್ದರೆ ಹೇಗೆ? ಒಂದರಿಂದ ನಗದು ತೆಗೆದು ಇನ್ನೊಂದಕ್ಕೆ ಕಟ್ಟುತ್ತಿದ್ದೆ, ಅದರಿಂದ ತೆಗೆದು ಮೂರನೆಯದಕ್ಕೆ. ನನ್ನ ಮನೆಯವಳು ಶ್ರೀಲಕ್ಷ್ಮೀ ಖಾಸಗಿ ಶಾಲೆಯಲ್ಲಿ ಟೀಚರ್, ಅರ್ಧ ಪಗಾರದ ಮೇಲೆ ಮನೆ ನಡೆಸುತ್ತಿದ್ದಳು. ನಾನು ದಿನಾ ಬೆಳಗ್ಗೆ ಕೆಲಸ ಹುಡುಕುವ ನೆಪದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗೆ ಹೋಗಿ, ಕಾಲುವೆ ಪಕ್ಕದಲ್ಲಿ ಬೈಕ್ ನಿಲ್ಲಿಸಿ, ಫೋನಿನಲ್ಲಿ ಕಾರ್ಡುಗಳ ಲೆಕ್ಕ ಹಾಕಿ ಮಧ್ಯಾಹ್ನ ಬರುತ್ತಿದ್ದೆ. "ಸ್ವಲ್ಪ ಉಳಿತಾಯ ಇತ್ತಲ್ಲ, ಅದರಲ್ಲೇ ನಡೀತದ" ಅಂತ ಅವಳಿಗೆ ಹೇಳಿದ್ದೆ. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಕಾಲುವೆಯ ಸಂಗತಿ ಅವಳಿಗೆ ಈಗಲೇ ತಿಳಿದದ್ದು ಅಂತ ಕಾಣುತ್ತದೆ. ಮನೆಗೆ ಹೋದ ಮೇಲೆ ವಿಚಾರಣೆ ಇದೆ.

ಇರಲಿ. ಇಪ್ಪತ್ತೊಂದರ ಫೆಬ್ರುವರಿ, ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆ. ಕಿಟಕಿಯಿಂದ ನೋಡುತ್ತೇನೆ, ಎರ್ರಿಯಪ್ಪ ಬೈಕ್ ನಿಲ್ಲಿಸುತ್ತಿದ್ದಾರೆ, ಹಿಂದೆ ಜಂಬವ್ವ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅಷ್ಟು ದೂರದಿಂದ ಹುಡುಕಿಕೊಂಡು ಬಂದಿದ್ದಾರೆ. ಅದೇ ತಿಂಗಳು ನನ್ನಿಂದ ಕಾರ್ಡು ತೊಗೊಂಡಿದ್ದ ಒಬ್ಬರು ನನ್ನ ಕೊರಳಪಟ್ಟಿ ಹಿಡಿದಿದ್ದರು. ಶ್ರೀಲಕ್ಷ್ಮಿಗೆ, "ನಾನು ಮನ್ಯಾಗ ಇಲ್ಲ ಅಂತ ಹೇಳು" ಅಂದು ದೇವರ ಕೋಣೆ ಸೇರಿದೆ. ಆಚಾರ್ಯರ ಮನೆತನದವನು, ದೇವರ ಮುಂದೆ ಕೂತು ಸುಳ್ಳು ಹೇಳಿಸಿದೆ.

ಅವಳು ಹೇಳಿದಳು. ಜಂಬವ್ವನ ದನಿ ಒಳಗೆ ಕೇಳಿಸಿತು: "ಇರ್ಲಿ ಬಿಡವ್ವ. ಬರೋತನ ಇಲ್ಲೇ ಕಟ್ಟಿ ಮ್ಯಾಲೆ ಕುಂದ್ರತೀವಿ."

ಕೂತರು. ಹನ್ನೊಂದಾಯಿತು, ಹನ್ನೆರಡಾಯಿತು. ಶ್ರೀಲಕ್ಷ್ಮೀ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಹೊರಗೆ ಹೆಣ್ಣುಮಕ್ಕಳಿಬ್ಬರೂ ರೊಟ್ಟಿ ಹಿಟ್ಟಿನ ಮಾತಿಗೆ ಕುಳಿತರು. ನನಗೆ ಒಳಗೆ ಕಾಲು ಜೋಮು ಹಿಡಿಯಿತು. ಒಂದು ಗಂಟೆಗೆ ಶ್ರೀಲಕ್ಷ್ಮೀ ದೇವರ ಕೋಣೆ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಆ ನೋಟಕ್ಕಿಂತ ಕೊರಳಪಟ್ಟಿಯೇ ವಾಸಿ ಅನ್ನಿಸಿತು. ಎದ್ದು ಹೊರಗೆ ಬಂದೆ.

ಹೊರಗಿನಿಂದ ಅಲ್ಲ, ಮನೆಯ ಒಳಗಿಂದಲೇ ಬಂದೆ ಅನ್ನೋದು ಎಲ್ಲರಿಗೂ ಕಾಣುತ್ತಿದೆ. ಜಂಬವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಗ ಬಂದ್ರೇನ್ರೀ? ದಣದೀರಿ, ಕುಂದ್ರಿ" ಅಂದರು. ಅದರಲ್ಲಿ ಕೊಂಕು ಹುಡುಕಿದೆ, ಸಿಗಲಿಲ್ಲ.

ನಾನು ಕೈಮುಗಿದು, "ಎರ್ರಿಯಪ್ಪ, ನನ್ನ ಕೈಲಿ ಏನೂ ಇಲ್ಲ. ಬೈಯೋದಿದ್ರೆ ಬೈದುಬಿಡಿ" ಅಂದೆ.

"ಬೈಯಾಕ ಬಂದಿಲ್ಲರೀ. ಓದಿಸಿಕೊಂಡು ಹೋಗಾಕ ಬಂದೀವಿ. ಇದೆಲ್ಲಾ ಇಂಗ್ಲೀಷಿನಾಗ ಐತಿ. ಎಂಟು ತಿಂಗಳಿಂದ ತಪ್ಪದಂಗ ಕಟ್ಟೀನಿ. ಸಾಲ ಕಮ್ಮಿ ಆಗವಲ್ದು. ಯಾಕಂತ ನೀವು ಹೇಳ್ರಿ, ಕಾರ್ಡು ಕೊಟ್ಟಾವ್ರು ನೀವಲ್ಲೇನು?"

ಚೀಲದಲ್ಲಿ ಹನ್ನೊಂದು ಸ್ಟೇಟ್‌ಮೆಂಟುಗಳಿದ್ದವು. ಮುನ್ನೂರ ಹನ್ನೆರಡು ಕಾರ್ಡು ಮಾರಿದ ನಾನು ಅವತ್ತು ಮೊದಲ ಸಲ ಸ್ಟೇಟ್‌ಮೆಂಟಿನ ಹಿಂಬದಿ ತಿರುವಿ ಓದಿದೆ. ಪೆನ್ಸಿಲ್ ಹಿಡಿದು ಒಂದೊಂದೇ ಸಾಲು. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ, ವರ್ಷಕ್ಕೆ ನಲವತ್ತೆರಡು. ಆ ಬಡ್ಡಿಯ ಮೇಲೆ ಜಿಎಸ್‌ಟಿ. ಮುಂದೂಡಿದ ಮೂರು ತಿಂಗಳಿಗೂ ಬಡ್ಡಿ ಬಿದ್ದು ನಲವತ್ನಾಲ್ಕು ಸಾವಿರ ಹೋಗಿ ಐವತ್ತರ ಹತ್ತಿರ ಬಂದಿತ್ತು. ಆಮೇಲೆ ತಿಂಗಳಿಗೆ ಎರಡೂವರೆ ಸಾವಿರದಂತೆ ಇಪ್ಪತ್ತು ಸಾವಿರ ಕಟ್ಟಿದ್ದಾರೆ. ಪ್ರತಿ ಸಲವೂ ಎರಡು ಸಾವಿರದಷ್ಟು ಬಡ್ಡಿಗೇ ಹೋಗಿ, ಅಸಲಿಗೆ ಸೇರಿದ್ದು ಐನೂರರ ಆಸುಪಾಸು. ಇಪ್ಪತ್ತು ಸಾವಿರ ಕಟ್ಟಿದ ಮೇಲೆ ಬಾಕಿ ಎಷ್ಟು ಗೊತ್ತೇ? ನಲವತ್ತೈದು ಸಾವಿರದ ಆರುನೂರು. ಶುರುವಿಗಿಂತ ಹೆಚ್ಚು!

ಜಂಬವ್ವ ಕೇಳಿದರು, "ಬಡ್ಡಿ ಇಲ್ಲದ ಐವತ್ತು ದಿನ ಎಲ್ಲಿ ಹೋತ್ರೀ?"

"ಪೂರ್ತಿ ಕಟ್ಟಿದವರಿಗೆ ಮಾತ್ರ ಅದು, ಜಂಬವ್ವ. ಸ್ವಲ್ಪ ಉಳಿಸಿಕೊಂಡರೂ ಕೊಂಡ ದಿನದಿಂದ ಬಡ್ಡಿ ಲೆಕ್ಕ ಹಿಡೀತಾರೆ. ಆಮೇಲೆ ಹೊಸದಾಗಿ ಏನು ತಂದರೂ ತಂದ ದಿನದಿಂದಲೇ ಬಡ್ಡಿ. ನಗದು ತೆಗೆದರಂತೂ ಮೊದಲ ದಿನದಿಂದಲೇ, ಮೇಲೆ ಬೇರೆ ಶುಲ್ಕ."

"ಅಂದ್ರ ಊಟಕ್ಕ ಕರದು, ಒಂದು ರೊಟ್ಟಿ ರೊಕ್ಕ ಕಮ್ಮಿ ಕೊಟ್ರ, ಉಂಡ ರೊಟ್ಟಿಗೆಲ್ಲಾ ದಂಡ ಹಾಕಿದಂಗ ಆತಲ್ರೀ."

ವ್ಯವಸ್ಥಾಪಕರೇ, ಕ್ಷಮಿಸಿ, ಇದಕ್ಕಿಂತ ಚೆನ್ನಾಗಿ ನಿಮ್ಮ ಕಡೆಯವರೂ ವಿವರಿಸಿಲ್ಲ. ಆಮೇಲೆ ಆಕೆ ಇನ್ನೊಂದು ಪ್ರಶ್ನೆ ಕೇಳಿದರು: "ಇದನ್ನ ಕಾರ್ಡು ಕೊಡೋ ದಿನ ಯಾಕ ಹೇಳ್ಲಿಲ್ಲ?"

"ನನಗೂ ಗೊತ್ತಿರಲಿಲ್ಲ ಜಂಬವ್ವ" ಅಂದೆ.

ನಾಲ್ಕು ವರ್ಷದಿಂದ ಈ ಉತ್ತರವನ್ನೇ ಎಲ್ಲ ಕಡೆ ಹೇಳಿಕೊಂಡು ಬಂದಿದ್ದೇನೆ. ಇವತ್ತು ಶಾಲು ಹೊದಿಸಿದ್ದೀರಿ, ಅದನ್ನು ಹೊದ್ದುಕೊಂಡು ಅದೇ ಉತ್ತರ ಹೇಳಲು ಬಾಯಿ ಬರುತ್ತಿಲ್ಲ. ಹಿಂಬದಿ ಓದಿರಲಿಲ್ಲ, ನಿಜ. ಆದರೆ ಬಡ್ಡಿ ಜೋರು ಅಂತ ಗೊತ್ತಿತ್ತು. ನಮ್ಮ ಏಜೆನ್ಸಿಯ ತರಬೇತಿಯಲ್ಲಿ, "ಕೇಳಿದರೆ ಹೇಳಿ, ಕೇಳದಿದ್ದರೆ ಹೇಳಬೇಡಿ" ಅಂದಿದ್ದರು. ಎರ್ರಿಯಪ್ಪ ಕೇಳಿದ್ದರು. ಕೇಳಿದ ಮೇಲೂ ನಾನು ಹೇಳಲಿಲ್ಲ. ಎರ್ರಿಯಪ್ಪ, ಜಂಬವ್ವ, ಇದನ್ನು ನಾನು ನಿಮ್ಮ ಮನೆಗೆ ಬಂದು ಹೇಳಬೇಕಿತ್ತು. ಧೈರ್ಯ ಸಾಲಲಿಲ್ಲ. ಮೈಕಿನ ಮುಂದೆ ಬಂತು.

ಒಂದು ನಿಮಿಷ... ನೀರು ಕೊಡಿ.

ಹಾಂ. ಅವತ್ತು ಬಾಗಿಲಿಗೆ ಒರಗಿಕೊಂಡು ಶ್ರೀಲಕ್ಷ್ಮೀ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಬಂದವರ ಎದುರಿಗೇ, ಮೆಲ್ಲಗೆ, "ನಿಮ್ಮ ಕಾರ್ಡಿನ ಪೇಪರ್ ಎಲ್ಲಿವೆ? ಅವನ್ನೂ ತರ್ರಿ, ಪೆನ್ಸಿಲ್ ಹೆಂಗೂ ಕೈಯಾಗ ಅದ" ಅಂದಳು. ತಂದೆ. ಮೂರೂ ಸೇರಿ ಒಂದು ಲಕ್ಷ ಎಪ್ಪತ್ತೆಂಟು ಸಾವಿರ. ಅವಳು ಅದನ್ನು ಎರಡು ಸಲ ಕೂಡಿಸಿ ನೋಡಿ ಒಳಗೆ ಹೋದಳು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಎರ್ರಿಯಪ್ಪ ನನ್ನ ಪೇಪರುಗಳ ಕಡೆ ನೋಡಿ, "ನಿಮಗೂ ಯಾರೂ ಓದಿ ಹೇಳ್ಲಿಲ್ಲೇನ್ರೀ?" ಅಂದರು. ಆ ಮನುಷ್ಯ ನನ್ನ ಬಗ್ಗೆ ಮರುಗಿದರು, ಸಭಿಕರೇ. ನನ್ನಿಂದ ಮುಳುಗಿದವರು ನನ್ನ ಬಗ್ಗೆ ಮರುಗಿದರು.

ಮರುದಿನ ನಾನೂ ಎರ್ರಿಯಪ್ಪನೂ ಕೂತು ಬ್ಯಾಂಕಿನ ಸಹಾಯವಾಣಿಗೆ ಫೋನ್ ಹಚ್ಚಿದೆವು. ನಲವತ್ತು ನಿಮಿಷ ಸಂಗೀತ ಕೇಳಿಸಿದರು, ಎರ್ರಿಯಪ್ಪನಿಗೆ ಆ ರಾಗ ಬಾಯಿಪಾಠ ಆಯಿತು. ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಾಯಿಸಿ ಅಂದೆವು. ಕೊನೆಗೆ ಒಬ್ಬ ಹೆಣ್ಣುಮಗಳು ಒಪ್ಪಿ, ವರ್ಷಕ್ಕೆ ನೂರಕ್ಕೆ ಹದಿನೆಂಟು ಅಂದಳು. ನಲವತ್ತೆರಡರ ಮುಂದೆ ಅದು ಎಷ್ಟೋ ಮೇಲು. ಕಷ್ಟದ ಕಾಲದಲ್ಲಿ ಮೊದಲು ಮಾಡಬೇಕಾದದ್ದು ಇದೇ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಫೋನ್ ಆರಿಸಿ ಕೂಡಬೇಡಿ, ನೀವೇ ಫೋನ್ ಮಾಡಿ ಕೇಳಿ. ಕೇಳದವರಿಗೆ ಯಾರೂ ಕಡಿಮೆ ಮಾಡುವುದಿಲ್ಲ.

ಆದರೆ ಜಂಬವ್ವ ಅಷ್ಟಕ್ಕೆ ಒಪ್ಪಲಿಲ್ಲ. "ಹದಿನೆಂಟಕ್ಕೂ ಕಮ್ಮಿ ಎಲ್ಲಿ ಸಿಗ್ತದ ನೋಡ್ರಿ" ಅಂದರು. ಎರ್ರಿಯಪ್ಪ ಈ ಸಂಘದ ಸದಸ್ಯರಾಗಿ ಒಂಬತ್ತು ವರ್ಷವಾಗಿತ್ತು, ಒಂದು ಸಲವೂ ಸಾಲ ಕೇಳಿರಲಿಲ್ಲ. ಮೂವರೂ ನಾಗಭೂಷಣ ಅವರ ಮುಂದೆ ಹೋಗಿ ಕೂತೆವು. ಅಧ್ಯಕ್ಷರು ಕನ್ನಡಕ ತೆಗೆದು, "ಸಾಲ ತೀರ್ಸಾಕ ಸಾಲ ಕೊಡೋ ಪದ್ಧತಿ ನಮ್ಮಲ್ಲಿಲ್ಲ" ಅಂದರು. ನಾನು ಹಾಳೆಯ ಮೇಲೆ ಬರೆದು ತೋರಿಸಿದೆ. ಸಂಘದ ಬಡ್ಡಿ ವರ್ಷಕ್ಕೆ ನೂರಕ್ಕೆ ಹನ್ನೆರಡು. ಎರ್ರಿಯಪ್ಪ ಈಗ ಕಟ್ಟುತ್ತಿರುವುದು ಎರಡೂವರೆ ಸಾವಿರ, ಮುಗಿಯುವ ದಿನವೇ ಕಾಣುವುದಿಲ್ಲ. ಸಂಘಕ್ಕೆ ಎರಡು ಸಾವಿರದ ನೂರೈವತ್ತು ಕಟ್ಟಿದರೆ ಇಪ್ಪತ್ನಾಲ್ಕು ತಿಂಗಳಿಗೆ ಪೂರ್ತಿ ಚುಕ್ತಾ. ಅಧ್ಯಕ್ಷರು ಆ ಹಾಳೆಯನ್ನು ಮಂಡಳಿಯ ಸಭೆಗೆ ಒಯ್ದರು. ಅಲ್ಲಿ ಎರಡು ತಾಸು ಜಗಳವಾಯಿತಂತೆ. ಯಾರು ಯಾರು ಜಗಳ ಮಾಡಿದರು ಅಂತ ಹೇಳುವುದಿಲ್ಲ, ವೇದಿಕೆಯ ಮೇಲೇ ಇದ್ದಾರೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಸಾಲ ತೀರುವವರೆಗೆ ಕಾರ್ಡು ಉಜ್ಜಬಾರದು, ತಿಂಗಳಿಗೊಮ್ಮೆ ಭಾನುವಾರ ಸಂಘಕ್ಕೆ ಬಂದು ಲೆಕ್ಕ ತೋರಿಸಬೇಕು. ಹಣ ನೇರ ಕಾರ್ಡಿನ ಖಾತೆಗೆ ಹೋಯಿತು.

ಆಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿ, "ನಿಮ್ಮದೂ ಇದೇ ಕಥಿ ಅಂತಲ್ಲ?" ಅಂದರು. ಹೌದು ಅಂದೆ. "ಸದಸ್ಯ ಆಗ್ರಿ, ಅರ್ಜಿ ಹಾಕ್ರಿ. ಆದ್ರ ಒಬ್ಬ ಹಳೇ ಸದಸ್ಯನ ಜಾಮೀನು ಬೇಕು."

ಕಾರ್ಡು ಮಾರಿದವನಿಗೆ ಜಾಮೀನು ಯಾರು ನಿಲ್ಲುತ್ತಾರೆ ಹೇಳಿ? ಇಬ್ಬರ ಮನೆಗೆ ಹೋದೆ. ಒಬ್ಬರು ಚಹಾ ಕೊಟ್ಟು ಇಲ್ಲ ಅಂದರು, ಇನ್ನೊಬ್ಬರು ಚಹಾ ಕೊಡದೇ ಇಲ್ಲ ಅಂದರು. ಮೂರನೆಯವರು ನಮ್ಮ ಸ್ವಂತ ದಾಯಾದಿ, ಫೋನೇ ಎತ್ತಲಿಲ್ಲ. ಅರ್ಜಿ ವಾಪಸು ತೊಗೊಳ್ಳೋಣ ಅಂತ ಸಂಘಕ್ಕೆ ಹೋದರೆ ಗುಮಾಸ್ತರು, "ಜಾಮೀನು ಆಗೇದಲ್ರೀ, ನಿನ್ನೆನೇ ರುಜು ಹಾಕಿ ಹೋದ್ರು" ಅಂದು ಕಾಗದ ತಿರುಗಿಸಿದರು. ಕೆಳಗೆ ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆದಿತ್ತು: ಎರ್ರಿಯಪ್ಪ.

ಬೈಕ್ ಹತ್ತಿ ಸೀದಾ ಕುರೆಕುಪ್ಪಕ್ಕೆ ಹೋದೆ. ಜಂಬವ್ವ ಒಲೆಯ ಮುಂದಿದ್ದರು. "ಇದೇನು ಮಾಡಿದ್ರಿ? ನಾನು ಕಟ್ಟದೆ ಹೋದರೆ ನಿಮ್ಮ ಮೇಲೆ ಬರ್ತದೆ" ಅಂದೆ. ಆಕೆ ರೊಟ್ಟಿ ತಿರುವಿ ಹಾಕುತ್ತಾ, "ನಾನೇ ಹಾಕು ಅಂದೆರೀ. ಓದಿ ಹೇಳಿದಾವ ಓಡಿ ಹೋಗಂಗಿಲ್ಲ. ಕುಂದ್ರಿ, ಉಣ್ಣೋ ಹೊತ್ತಾಗೇದ" ಅಂದರು.

ಉಂಡೆ. ಎಷ್ಟು ರೊಟ್ಟಿ ಅಂತ ಲೆಕ್ಕವಿಲ್ಲ.

ಆ ವಾರವೇ ಬೈಕ್ ಮಾರಿದೆ. ಆ ಹಣ, ಸಂಘದ ಒಂದೂವರೆ ಲಕ್ಷ ಸೇರಿ ಮೂರೂ ಕಾರ್ಡು ಮುಗಿದವು. ಶ್ರೀಲಕ್ಷ್ಮೀ ಹನ್ನೆರಡನೆಯ ದಿನ ಮಾತಾಡಿದಳು. ಮೊದಲ ಮಾತು, "ಕತ್ರಿ ಎಲ್ಲಿ ಅದ?" ಎರಡು ಕಾರ್ಡನ್ನು ಅವಳೇ ಕತ್ತರಿಸಿದಳು, ಒಂದನ್ನು ತನ್ನ ಸೀರೆಗಳ ಕೆಳಗೆ ಇಟ್ಟಳು. ಈಗ ಮನೆಗೆ ಕಾರ್ಡಿನ ಮೇಲೆ ಏನಾದರೂ ತಂದರೆ ಅದರ ಹಣ ಅದೇ ದಿನ ಬೇರೆ ತೆಗೆದಿಡುತ್ತಾಳೆ, ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲೇ ಪೂರ್ತಿ ಕಟ್ಟುತ್ತಾಳೆ. ಕೈಯಲ್ಲಿ ಹಣವಿಲ್ಲದಿದ್ದರೆ ಕಾರ್ಡು ಹೊರಗೆ ಬರುವುದೇ ಇಲ್ಲ. ಬ್ಯಾಂಕಿಗೆ ಅವಳಿಂದ ಒಂದು ಪೈಸೆ ಲಾಭವಿಲ್ಲ. ವ್ಯವಸ್ಥಾಪಕರು ನಗುತ್ತಿದ್ದಾರೆ, ಒಳ್ಳೆಯದು.

ಆಮೇಲೆ ಡೈರಿ ತೆಗೆದೆ. ಬಸ್ಸಿನಲ್ಲಿ, ನಡೆದು, ಎರ್ರಿಯಪ್ಪನ ಬೈಕಿನ ಹಿಂದೆ ಕೂತು ಒಂದೊಂದೇ ಮನೆಗೆ ಹೋದೆ. "ಕಾರ್ಡು ಕೊಟ್ಟವನು ಬಂದೀನಿ, ಪೇಪರ್ ತೋರಿಸ್ರಿ" ಅಂದರೆ ಯಾರು ತಾನೇ ತೋರಿಸ್ತಾರೆ? ಮಲಪನಗುಡಿಯಲ್ಲಿ ಒಬ್ಬರು ಚಪ್ಪಲಿ ಎಸೆದರು. ಒಂದೇ ಎಸೆದರು, ಅದನ್ನು ವಾಪಸು ಕೊಟ್ಟು ಬಂದೆ. ಮರುವಾರ ಅವರೇ ಪೇಪರ್ ಹಿಡಿದು ಸಂಘಕ್ಕೆ ಬಂದರು. ಹೀಗೆ ಭಾನುವಾರ ಸಂಘದಲ್ಲಿ ಕೂತು ಸ್ಟೇಟ್‌ಮೆಂಟು ಓದಿ ಹೇಳುವ ಪದ್ಧತಿ ಬೆಳೆಯಿತು. ಅರವತ್ನಾಲ್ಕು ಜನ ಪೂರ್ತಿ ಚುಕ್ತಾ ಮಾಡಿದ್ದಾರೆ. ಎರ್ರಿಯಪ್ಪನದು ಇಪ್ಪತ್ತಮೂರರಲ್ಲಿ ಮುಗಿಯಿತು. ಕಾವ್ಯ ಈಗ ಬಳ್ಳಾರಿಯಲ್ಲಿ ನರ್ಸು. ನನ್ನದು ಈ ವರ್ಷ ಮಾರ್ಚಿನಲ್ಲಿ ಮುಗಿಯಿತು, ಒಂದು ಕಂತೂ ತಪ್ಪಲಿಲ್ಲ. ಸಂಘದಲ್ಲಿ ಗುಮಾಸ್ತಿಕೆಯೂ ಸಿಕ್ಕಿದೆ. ಎರ್ರಿಯಪ್ಪನ ಜಾಮೀನು ಪತ್ರವನ್ನು ರದ್ದು ಅಂತ ಮುದ್ರೆ ಒತ್ತಿ ಅವರ ಕೈಗೆ ನಾನೇ ಕೊಟ್ಟೆ.

ಎಲ್ಲರೂ ಸಿಗಲಿಲ್ಲ. ಮರಿಯಮ್ಮನಹಳ್ಳಿಯ ಮೌನೇಶ್ ಅಂತ ಒಬ್ಬ ಲಾರಿ ಡ್ರೈವರ್. ಅರವತ್ತು ಸಾವಿರ ಬಾಕಿಗೆ ವಸೂಲಿಯವರು ಮಾಡುತ್ತಿದ್ದ ಫೋನಿಗೆ ಹೆದರಿ, ಸಿಮ್ ಕಿತ್ತೆಸೆದು ಊರು ಬಿಟ್ಟಿದ್ದರು. ಅವರ ತಾಯಿ ವಿರುಪಮ್ಮನ ಬಾಗಿಲಿಗೆ ನಾನು ಹೋದಾಗ ಆಕೆ, "ಅರವತ್ತು ಸಾವಿರಕ್ಕ ನನ್ನ ಮಗನ್ನ ಮಾರಿದಿಯಲ್ಲೋ" ಅಂದು ಕದ ಹಾಕಿದರು. ಆದರೂ ಹೋಗುತ್ತಿದ್ದೆ. ಎರಡನೆಯ ವರ್ಷ ಕದ ತೆಗೆದರು. ಮೂರನೆಯ ವರ್ಷ ನೀರು ಕೊಟ್ಟರು. ಈ ವರ್ಷ, "ಎಲ್ಲೋ ಸೊಲ್ಲಾಪುರದ ಕಡೆ ಅದಾನಂತ" ಅಂದು ಒಂದು ನಂಬರು ಕೊಟ್ಟರು. ಮೆಸೇಜು ಹಾಕಿದೆ: ನಿಮ್ಮ ಬಾಕಿಯ ಬಗ್ಗೆ ಬ್ಯಾಂಕಿನೊಡನೆ ಕೂತು ಮಾತಾಡಿ ತೀರಿಸುವ ದಾರಿ ಇದೆ, ನಾನು ಜೊತೆಗೆ ಬರುತ್ತೇನೆ, ಸಂಘದವರೂ ಬರುತ್ತಾರೆ. ಎರಡು ತಿಂಗಳು ಉತ್ತರವಿಲ್ಲ.

ಮೊನ್ನೆ ಮಂಗಳವಾರ ಫೋನ್ ಬಂತು. "ನಾನು ಮೌನೇಶ್ ರೀ. ಊರಿಗೆ ಬಂದ್ರ ಯಾರಾರ ಹಿಡೀತಾರೇನ್ರೀ?"

"ನಿಮ್ಮವ್ವ ಹಿಡೀತಾರ, ಬೇರೆ ಯಾರೂ ಇಲ್ಲ. ಬರ್ರಿ" ಅಂದೆ.

ಇವತ್ತು ಬರುತ್ತಿದ್ದಾರೆ. ರೈಲು ಐದೂ ನಲವತ್ತಕ್ಕೆ ಹೊಸಪೇಟೆ ಸ್ಟೇಷನ್ನಿಗೆ. ವಿರುಪಮ್ಮ ನಾಲ್ಕನೆಯ ಸಾಲಿನಲ್ಲಿ ಕೂತಿದ್ದಾರೆ. ಆಗಿನಿಂದ ಮೂರು ಸಲ ಎದ್ದು ನಿಂತು ಕೂತರು, ನನ್ನ ಭಾಷಣ ಕೇಳಲು ಬಂದವರಲ್ಲ ಅವರು. ನಾವಿಬ್ಬರೂ ಕೂಡಿಯೇ ಹೋಗಬೇಕು ಅಂತ ಮಾತಾಗಿದೆ. ಈಗ ಐದೂ ಹತ್ತು. ಇಲ್ಲಿಯವರೆಗೆ ಹೇಳಿದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಕೇಳಿದ್ದಕ್ಕೆ ಅಧ್ಯಕ್ಷರಿಗೂ ಅತಿಥಿಗಳಿಗೂ ನಿಮ್ಮೆಲ್ಲರಿಗೂ ನಾನು ಋಣಿ. ಮಿರ್ಚಿಯಲ್ಲಿ ಮೂರು ಪಾಲು ಎತ್ತಿಡಿ. ವಿರುಪಮ್ಮ, ಏಳ್ರಿ, ಹೋಗೋಣ. ಎಲ್ಲರಿಗೂ ನಮಸ್ಕಾರ.